ಸಹಾಯ ಬೇಕು: ಅಮೆರಿಕದ ಕಾಲೇಜಿನ ಅರ್ಜಿ, ತೋಟದ ಆದಾಯದ ಲೆಕ್ಕ

ನಮಸ್ಕಾರ. ನಾವು ತುಮಕೂರಿನವರು. ನನ್ನ ಮಗ, ಅಕ್ಕನ ಮಗಳು ಇಬ್ಬರೂ ಸೆಕೆಂಡ್ ಪಿಯುಸಿ, ಒಂದೇ ಮೇಜಿನ ಮೇಲೆ ಓದುತ್ತಾರೆ. ಅವಳು ನ್ಯೂಜೆರ್ಸಿಯಲ್ಲಿ ಹುಟ್ಟಿದವಳು. ಅಮೆರಿಕದ ಪಾಸ್‌ಪೋರ್ಟ್ ಇರುವುದರಿಂದ ಇಲ್ಲಿಂದ ಅರ್ಜಿ ಹಾಕಿದರೂ ಅಲ್ಲಿನ ಮಕ್ಕಳ ಸಾಲಿನಲ್ಲೇ ಓದಿನ ಖರ್ಚಿಗೆ ಕಾಲೇಜಿನಿಂದ ಹಣದ ನೆರವು ಕೇಳಬಹುದು. ನನ್ನ ಮಗನಿಗೆ ಹಾಗಿಲ್ಲ. ನೆರವು ಕೇಳಿದರೆ ಸ್ಟ್ಯಾನ್‌ಫರ್ಡ್‌ನಂಥ ಕಡೆ ಸೀಟಿಗೇ ಪೆಟ್ಟು ಬೀಳಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕಡೆ ಹೊರದೇಶದವರಿಗೂ ಹಣ ನೋಡದೆ ಸೀಟು ಕೊಡುತ್ತಾರೆ. ಅದಕ್ಕೇ ಅಲ್ಲಿಗೆ ಹಾಕಿಸುತ್ತಿದ್ದೇನೆ.

ಈಗ ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ (ನೆರವು ಕೇಳಲು ಮನೆಯ ಆದಾಯ, ಆಸ್ತಿ ತುಂಬುವ ಆನ್‌ಲೈನ್ ಅರ್ಜಿ) ಸಿಕ್ಕಿಹಾಕಿಕೊಂಡಿದ್ದೇವೆ. ನಮ್ಮದು ಗುಬ್ಬಿ ಹತ್ತಿರ ಎರಡು ಎಕರೆ ಅಡಿಕೆ ತೋಟ. ಕೈಯಲ್ಲಿರುವುದು ಮಂಡಿಯ ಚೀಟಿಗಳು ಅಷ್ಟೇ, ಕೆಲವಂತೂ ನೆನೆದು ಶಾಯಿ ಹರಡಿದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಇಂಗ್ಲಿಷ್‌ಗೆ ಮಾಡಿಸಿ ಕೊಟ್ಟರೆ ಒಪ್ಪುತ್ತಾರಾ? ತೋಟದ ಆದಾಯ ತೋರಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಜನವರಿ 1 ಹತ್ತಿರ ಬರ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ.