ಪದಚರ್ಚೆ: ‘ಪ್ರೊಟೆಸ್ಟ್’ ಆದ ಬಿಲ್ಲಿಗೆ ಕನ್ನಡದಲ್ಲಿ ಏನು? (ತುರ್ತು, ನಾಳೆ ಅಚ್ಚಿಗೆ)

ವಿ.ಎಸ್., ಮೈಸೂರು:
ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಫಿಲಡೆಲ್ಫಿಯಾದ ಕ್ವೇಕರ್ (ಒಂದು ಕ್ರೈಸ್ತ ಪಂಥ) ವರ್ತಕರು ಲಂಡನ್ನಿನ ಕ್ವೇಕರ್ ಕೋಠಿಗಳ (ವ್ಯಾಪಾರ ಸಂಸ್ಥೆಗಳ) ಜೊತೆ ವ್ಯವಹಾರ ಮತ್ತೆ ಕುದುರಿಸಿಕೊಂಡ ಬಗ್ಗೆ ನಾನು ಅನುವಾದಿಸುತ್ತಿರುವ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆ. 1784ರಲ್ಲಿ ಹಳೆಯ ಸಾಲ ತೀರಿಸಲು ಕಳಿಸಿದ ಬಿಲ್ ಆಫ್ ಎಕ್ಸ್‌ಚೇಂಜ್ (ಇಂಥವನಿಗೆ ಇಷ್ಟು ದುಡ್ಡು ಕೊಡು ಎಂದು ಇನ್ನೊಬ್ಬನಿಗೆ ಬರೆದ ಪತ್ರ) ‘ಪ್ರೊಟೆಸ್ಟ್’ ಆಗಿ ಹಿಂದಿರುಗುತ್ತದೆ. ಕರಡಿನಲ್ಲಿ ‘ಪ್ರತಿಭಟಿತ ವಿನಿಮಯ ಪತ್ರ’ ಎಂದಿದೆ. ಸಾಲ ಮುಳುಗಿಸಿದವನನ್ನು ಕ್ವೇಕರ್ ಸಭೆ ‘ಬಹಿಷ್ಕರಿಸಿತು’ ಎಂದೂ ಇದೆ. ಆ ವರ್ತಕರ ಪತ್ರಗಳಲ್ಲಿ ನೀನು ಬರಬೇಕೋ ನೀವು ಬರಬೇಕೋ? ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

ಜಿ.ಕೆ., ಹುಬ್ಬಳ್ಳಿ:
‘ಪ್ರತಿಭಟಿತ’ ಕೂಡದು, ಬಿಲ್ಲೇ ಧರಣಿ ಕೂತಂತಾಗುತ್ತದೆ. ಬಿಲ್ಲಿಗೆ ಹುಂಡಿ ಎನ್ನಿ. ಇದು ದರ್ಶನಿ ಹುಂಡಿಯಲ್ಲ (ಅದಕ್ಕೆ ತೋರಿಸಿದೊಡನೆ ದುಡ್ಡು), ಮುದ್ದತಿ ಹುಂಡಿ (ಗಡುವು ಮುಗಿದ ಮೇಲೆ ದುಡ್ಡು). ಲಂಡನ್ನಿನ ಕೋಠಿಯ ಮೇಲೆ ಬರೆದದ್ದನ್ನು ತೋರಿಸಿದರೆ ಕೋಠಿಯವನು ‘ಒಪ್ಪಿದೆ’ ಎಂದು ಸಹಿ ಹಾಕಬೇಕು. ಅಲ್ಲಿಂದ ಸಾಮಾನ್ಯವಾಗಿ 60 ದಿನ, ಮೇಲೆ 3 ದಿನ ರಿಯಾಯಿತಿ, ಆಮೇಲೆ ದುಡ್ಡು. ಒಪ್ಪದಿದ್ದರೂ, ಒಪ್ಪಿ ಕೊಡದಿದ್ದರೂ ನೋಟರಿ ಅದನ್ನು ಇನ್ನೊಮ್ಮೆ ತೋರಿಸಿ, ಬಂದ ಉತ್ತರ ಬರೆದುಕೊಂಡು ಮುದ್ರೆ ಒತ್ತುತ್ತಾನೆ. ಆ ಕಾಗದವೇ ಪ್ರೊಟೆಸ್ಟ್. ಅದಿಲ್ಲದೆ ಬರೆದುಕೊಟ್ಟವನ ಮೇಲಾಗಲಿ, ಹಿಂಬರಹ ಮಾಡಿ ಇನ್ನೊಬ್ಬರಿಗೆ ದಾಟಿಸಿದವರ ಮೇಲಾಗಲಿ ದಾವೆ ನಿಲ್ಲದು. ‘ನಿರಾಕರಣೆ ದಾಖಲಾದ ಹುಂಡಿ’ ಎನ್ನಿ. ಒಪ್ಪಲಿಲ್ಲವೋ, ಒಪ್ಪಿಯೂ ಕೊಡಲಿಲ್ಲವೋ ಎಂಬುದನ್ನು ಮೂಲದಲ್ಲಿ ನೋಡಿ ಬರೆಯಿರಿ. ಎರಡೂ ಒಂದೇ ಅಲ್ಲ.

ಇನ್ನೊಂದು ಎಡವಟ್ಟು: ಹುಂಡಿ ಮೂರು ಪ್ರತಿಗಳಲ್ಲಿ, ಬೇರೆ ಬೇರೆ ಹಡಗುಗಳಲ್ಲಿ ಹೋಗುತ್ತಿತ್ತು. ‘ಇದು ಮೊದಲನೆಯದು, ಎರಡನೆಯದು ಮೂರನೆಯದು ಸಲ್ಲದಿದ್ದರೆ’ ಎಂಬ ಒಕ್ಕಣೆಯನ್ನು ಮೂರು ಕಂತು ಅಂತ ತಿದ್ದಿಬಿಡಬೇಡಿ. ಒಂದಕ್ಕೆ ದುಡ್ಡು ಬಂದರೆ ಉಳಿದೆರಡು ಕಸ.

ಆರ್.ಎಂ., ಶಿವಮೊಗ್ಗ:
ಹುಂಡಿ ಬಡಗಣದ ಪದ. ಓದುಗರಿಗೆ ದೇವಸ್ಥಾನದ ಕಾಣಿಕೆ ಪೆಟ್ಟಿಗೆ ನೆನಪಾಗುತ್ತದೆ. ಓಲೆ ನಮ್ಮದೇ ನುಡಿ. ‘ಹಣವೋಲೆ’ ಎನ್ನಿ, ಹಿಂದೆ ಬಂದರೆ ‘ಮರಳಿದ ಹಣವೋಲೆ’. ನಾಲ್ಕು ದಿನ ಬಳಸಿದರೆ ಕಿವಿಗೆ ಒಗ್ಗುತ್ತದೆ.

ಜಿ.ಕೆ., ಹುಬ್ಬಳ್ಳಿ:
ಅದೇ ಕಾಲದ ಮೈಸೂರಿನಲ್ಲಿ ಹಣ ಎಂದರೆ ಒಂದು ನಾಣ್ಯ, ಹತ್ತಕ್ಕೆ ಒಂದು ವರಹ. ಓಲೆಗೆ ಮದುವೆಯ ವಾಸನೆ. ಮರಳಿದ್ದು ಯಾವುದು, ಹಡಗು ಮುಳುಗಿ ತೇಲಿ ಬಂದದ್ದೋ? ನೋಟರಿ ಎಲ್ಲಿ ಹೋದ? ಬೇಡ.

ಎನ್.ಪಿ., ಬೆಂಗಳೂರು:
ಉಳಿದೆರಡು ಪ್ರಶ್ನೆಗೆ. ‘ಬಹಿಷ್ಕಾರ’ ತಪ್ಪು. ನಮ್ಮಲ್ಲಿ ಅದರರ್ಥ ಬೆಂಕಿ ನೀರು ಬಂದ್. ಕ್ವೇಕರ್ ಸಭೆ ತೆಗೆದುಹಾಕಿದವನು ಭಾನುವಾರದ ಮೌನಪ್ರಾರ್ಥನೆಗೆ ಬಂದು ಕೂರಬಹುದಿತ್ತು. ಸದಸ್ಯತ್ವ ಮತ್ತು ಸಭೆಯ ವ್ಯವಹಾರದಲ್ಲಿ ಮಾತು, ಇವೆರಡು ಹೋಗುತ್ತಿದ್ದವು. ‘ಸದಸ್ಯತ್ವ ರದ್ದು’ ಸಾಕು.

ಒಬ್ಬನಿಗೆ ಬರೆದ ಪತ್ರವಾದರೆ ನೀನು, ಅವನು ಹಿರಿಯನಾದರೂ, ದೊಡ್ಡ ಸಾಹುಕಾರನಾದರೂ. ಒಬ್ಬನನ್ನು ಬಹುವಚನದಲ್ಲಿ ಕರೆಯುವುದು ಅವರಿಗೆ ಮುಖಸ್ತುತಿ. ಪಾಲುದಾರರ ಕೋಠಿಗೆ ಬರೆದದ್ದಾದರೆ ನೀವು. ಅದು ಬಹುವಚನ, ಗೌರವವಲ್ಲ. ಕೊನೆಯಲ್ಲಿ ‘ತಮ್ಮ ವಿಧೇಯ ಸೇವಕ’ ತೂರಿಸಬೇಡಿ, ‘ನಿನ್ನ ಗೆಳೆಯ’ ಅಷ್ಟೆ.

ತಿಂಗಳ ಹೆಸರನ್ನೂ ಬರೆಯುತ್ತಿರಲಿಲ್ಲ, ಅವು ಅನ್ಯದೇವತೆಗಳ ಹೆಸರೆಂದು. ‘9ನೆಯ ತಿಂಗಳು 1784’ ಎಂದರೆ ಸೆಪ್ಟೆಂಬರ್. 1752ಕ್ಕೆ ಹಿಂದಿನ ಪತ್ರದಲ್ಲಿ ಅದೇ ನವೆಂಬರ್, ಆಗ ಮಾರ್ಚ್ ಮೊದಲ ತಿಂಗಳು.

ವಿ.ಎಸ್., ಮೈಸೂರು:
ಉಪಕಾರವಾಯಿತು. ಅಷ್ಟೊಂದು ಹುಂಡಿ ಯಾಕೆ ಹಿಂದೆ ಬಂದವು ಎಂಬುದಕ್ಕೆ ಅಡಿಟಿಪ್ಪಣಿ ಬೇಕು, ಎರಡೇ ಸಾಲು.

ಜಿ.ಕೆ., ಹುಬ್ಬಳ್ಳಿ:
ಫಿಲಡೆಲ್ಫಿಯಾದವರು ವೆಸ್ಟ್ ಇಂಡೀಸಿಗೆ ಹಿಟ್ಟು ಮಾರಿ, ಅಲ್ಲಿ ಸಿಕ್ಕ ಲಂಡನ್ ಹುಂಡಿಯಿಂದ ಇಂಗ್ಲೆಂಡಿನ ಬಟ್ಟೆಯ ಬಾಕಿ ತೀರಿಸುತ್ತಿದ್ದರು. 1783ರ ಜುಲೈ 2ರ ಬ್ರಿಟಿಷ್ ಆಜ್ಞೆ ಅಮೆರಿಕದ ಹಡಗುಗಳಿಗೆ ಆ ದ್ವೀಪಗಳ ಬಾಗಿಲು ಹಾಕಿತು. ಅತ್ತ ಲಂಡನ್ ಸಾಲದ ಮೇಲೆ ಸುರಿದ ಸರಕು ಮಾರಾಟವಾಗದೆ ಕೊಳೆಯಿತು. ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದದ 4ನೆಯ ಕಲಮು ಹಳೆಯ ಸಾಲ ಪೂರ್ತಿ ಸ್ಟರ್ಲಿಂಗ್ (ಬ್ರಿಟಿಷ್ ಪೌಂಡ್) ಮೌಲ್ಯದಲ್ಲಿ ವಸೂಲಾಗಲಿ ಎಂದಿತು. ಆದರೆ ದುಡ್ಡು ಹುಟ್ಟಬೇಕಲ್ಲ, ಅದಿಲ್ಲದೆ ಹುಂಡಿ ಹಿಂದೆ ಬಂದವು.

ಎನ್.ಪಿ., ಬೆಂಗಳೂರು:
ಬಾಕಿ ತೀರಿಸುವ ಇನ್ನೊಂದು ಸರಕಾದ ತಿಮಿಂಗಿಲ ಎಣ್ಣೆಯನ್ನೂ ಸೇರಿಸಿ. ಅಮೆರಿಕದ ನಾಂಟಕೆಟ್ ದ್ವೀಪದ ಕ್ವೇಕರ್ ವಿಲಿಯಂ ರಾಚ್‌ನ ಹಡಗು ‘ಬೆಡ್‌ಫರ್ಡ್’ 1783ರ ಫೆಬ್ರುವರಿಯಲ್ಲೇ ಅಮೆರಿಕದ ಬಾವುಟ ಹಾರಿಸಿಕೊಂಡು ಥೇಮ್ಸ್ ನದಿಗೆ ಎಣ್ಣೆ ತಂದಿತ್ತು. ಆಮೇಲೆ ಬ್ರಿಟನ್ ಪರದೇಶದ ಎಣ್ಣೆಗೆ ಟನ್ನಿಗೆ 18 ಪೌಂಡಿಗೂ ಮೇಲೆ ಸುಂಕ ಹಾಕಿತು, ಲಾಭವೆಲ್ಲ ಅದಕ್ಕೇ ಸರಿಹೋಯಿತು. ರಾಚ್ ಕೊನೆಗೆ ಫ್ರಾನ್ಸಿನ ಡಂಕರ್ಕಿಗೆ ಹೋಗಿ ತಿಮಿಂಗಿಲ ಬೇಟೆಯ ಹಡಗುಪಡೆ ಕಟ್ಟಿದ.

ಆರ್.ಎಂ., ಶಿವಮೊಗ್ಗ:
ಬಾಕಿ, ವಸೂಲು, ಕಲಮು. ಮೂರು ವಾಕ್ಯದಲ್ಲಿ ಮೂರು ಅರಬ್ಬಿ. ಇದನ್ನು ಕನ್ನಡ ಎನ್ನುತ್ತೀರಿ.

ಜಿ.ಕೆ., ಹುಬ್ಬಳ್ಳಿ:
ಎನ್ನುತ್ತೇನೆ. ಜಮಾ, ಖರ್ಚು, ಅಸಲು, ಕಿರ್ದಿ ತೆಗೆದು ಯಾವ ಅಂಗಡಿಯ ಲೆಕ್ಕ ಬರೆಯುತ್ತೀರಿ? ನಿಮ್ಮ ಬಡ್ಡಿಯೂ ವೃದ್ಧಿಯಿಂದ ಇಳಿದದ್ದು.

ಆರ್.ಎಂ., ಶಿವಮೊಗ್ಗ:
ತದ್ಭವ ಬೇರೆ, ಎರವಲು ಬೇರೆ. ಬಡ್ಡಿ ನಮ್ಮ ನಾಲಿಗೆಗೆ ಬಗ್ಗಿದೆ, ‘ನೋಟರಿ’ ಎಲ್ಲಿ ಬಗ್ಗಿದೆ?

ಎನ್.ಪಿ., ಬೆಂಗಳೂರು:
ತಾಲೂಕು ಕಚೇರಿಯ ಎದುರಿನ ಬೋರ್ಡು ನೋಡಿ. ವಿ.ಎಸ್., ಮೊದಲ ಸಲ ‘ನೋಟರಿಯ ಮುಂದೆ ನಿರಾಕರಣೆ ದಾಖಲಾದ ಹುಂಡಿ’ ಎಂದು ಪೂರ್ತಿ ಬರೆದು, ಮುಂದೆಲ್ಲ ‘ನಿರಾಕೃತ ಹುಂಡಿ’ ಎಂದು ಕಳಿಸಿ. ಕಾಣಿಕೆ ಪೆಟ್ಟಿಗೆಯ ಗೊಂದಲ ‘ಮುದ್ದತಿ’ ಸೇರಿಸಿದರೆ ತಪ್ಪುತ್ತದೆ.