ಆರೈಕೆ ಕೇಂದ್ರದಿಂದ ಕಾಣೆಯಾದ ಅಣ್ಣ: 11 ವರ್ಷಗಳ ಬಳಿಕ ಏನನ್ನು ಕೇಳಬಹುದು?

ಪ್ರಶ್ನೆ:
ಬೌದ್ಧಿಕ ಅಂಗವೈಕಲ್ಯವಿದ್ದ, ಮಾತು ಬಾರದ ನನ್ನ ಅಣ್ಣ ತಾನಿದ್ದ ವಸತಿ ಆರೈಕೆ ಕೇಂದ್ರದಿಂದ ಕಾಣೆಯಾಗಿ 11 ವರ್ಷಗಳಾದವು. ರಾತ್ರಿ 2 ಗಂಟೆಗೆ ಮಲಗಿದ್ದನೆಂದು ಪಾಳಿಯ ಪುಸ್ತಕದಲ್ಲಿದೆ. ಬೆಳಿಗ್ಗೆ 6ಕ್ಕೆ ಹಾಸಿಗೆ ಖಾಲಿಯಾಗಿತ್ತು, ಚಪ್ಪಲಿ ಮಾತ್ರ ಮಂಚದ ಕೆಳಗೇ ಇತ್ತು. ಪೊಲೀಸರು ಕಡತವನ್ನು ಮುಚ್ಚಿಲ್ಲ, ತೆರೆದು ನೋಡುತ್ತಲೂ ಇಲ್ಲ. ಈಗ ನಾವು ಏನನ್ನು ಕೇಳಬಹುದು?

ಉತ್ತರ 1:
ಮೊದಲು ಆ 2 ಗಂಟೆಯನ್ನೇ ಅನುಮಾನಿಸಿ. ನಾನು ಇಂಥ ಕೇಂದ್ರವೊಂದರಲ್ಲಿ ರಾತ್ರಿ ಪಾಳಿ ಮಾಡಿದವನು. ಬಾಗಿಲಲ್ಲೇ ನಿಂತು ಹೊದಿಕೆಯ ಉಬ್ಬನ್ನು ನೋಡಿ ಸಹಿ ಹಾಕಿದವರನ್ನೂ, ಬೆಳಗಿನ ಜಾವ ಒಂದೇ ಕೂರಿಕೆಯಲ್ಲಿ ಇಡೀ ರಾತ್ರಿಯ ಸಹಿಗಳನ್ನು ತುಂಬಿದವರನ್ನೂ ಕಂಡಿದ್ದೇನೆ (ಒಮ್ಮೆ ನಾನೂ ಹಾಗೆ ಮಾಡಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ). ಗಂಟೆಗೆ 4 ಕಿಲೋಮೀಟರ್ ನಡೆಯುವವನು 4 ಗಂಟೆಗಳಲ್ಲಿ 16 ಕಿಲೋಮೀಟರ್ ದಾಟಬಲ್ಲ. ನಿಜವಾಗಿ ಕೊನೆಗೆ ಕಂಡದ್ದು ರಾತ್ರಿ 10ಕ್ಕಾದರೆ ಆ ದೂರ ಎರಡರಷ್ಟು, ಹುಡುಕಬೇಕಾದ ಪ್ರದೇಶ ನಾಲ್ಕರಷ್ಟು ಆಗುತ್ತದೆ. ಆದ್ದರಿಂದ ನಕಲಿಗೆ ತೃಪ್ತರಾಗದೆ ಮೂಲ ಪುಸ್ತಕವನ್ನೇ ತರಿಸಲು ಕೇಳಿ. ಶಾಯಿಯೂ ಬರವಣಿಗೆಯ ಒತ್ತಡವೂ ಅದರಲ್ಲಿ ಮಾತ್ರ ತಿಳಿಯುತ್ತವೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಅಷ್ಟೂ ಹೊಣೆಯನ್ನು ಪಾಳಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ರಾತ್ರಿ ಎಷ್ಟು ನಿವಾಸಿಗಳಿಗೆ ಎಷ್ಟು ಸಿಬ್ಬಂದಿ ಇದ್ದರೆಂದೂ ಕೇಳಬೇಕು. ಇನ್ನೊಂದು ಪ್ರಶ್ನೆ ಇದೆ: ಅದೇ ಕೋಣೆಯಲ್ಲಿದ್ದ ನಿವಾಸಿಗಳನ್ನು ಯಾರಾದರೂ ವಿಚಾರಿಸಿದ್ದರೇ? ಅವರ ಮಾತು ಸಾಕ್ಷ್ಯವಾಗದೆಂದು ಬದಿಗಿಡುವುದು ಹಳೆಯ ಚಾಳಿ. 2006ರಲ್ಲಿ ಅಂಗೀಕಾರವಾದ, ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 13ನೇ ವಿಧಿಯು ತನಿಖೆಯ ಹಂತದಲ್ಲಿಯೂ ಅವರು ಸಾಕ್ಷಿಗಳಾಗಿ ಪಾಲ್ಗೊಳ್ಳುವುದಕ್ಕೆ ನೆರವು ಒದಗಬೇಕೆನ್ನುತ್ತದೆ. ಸನ್ನೆ, ಚಿತ್ರ, ಕೋಣೆಯ ನಕ್ಷೆ ಬಳಸಿ, ಪರಿಚಿತರನ್ನು ಜೊತೆಗಿರಿಸಿಕೊಂಡು ಈಗಲೂ ಕೇಳಬಹುದು.

ಉತ್ತರ 3:
ನಿಮ್ಮ ತಾಯಿ ಇದ್ದರೆ ಅವರ ಡಿಎನ್‌ಎ ಮಾದರಿಯನ್ನು ತಡಮಾಡದೆ ಕೊಡಿಸಿ, ಗುರುತು ಸಿಗದ ಶವಗಳ ದಾಖಲೆಯೊಂದಿಗೆ ಹೋಲಿಸಲು ಲಿಖಿತವಾಗಿ ಕೋರಿ; ಒಡಹುಟ್ಟಿದವರ ಮಾದರಿಗಿಂತ ತಂದೆತಾಯಿಯದು ಹೆಚ್ಚು ಖಚಿತ. ಹಲ್ಲಿನ ಎಕ್ಸ್‌ರೇ ಇದ್ದರೆ ಅದನ್ನೂ ಒಪ್ಪಿಸಿ. ಮಾತು ಬಾರದವರು ಹೆಸರು ಹೇಳಲಾರದೆ ಬೇರೊಂದು ಆಸ್ಪತ್ರೆಯಲ್ಲೋ ಆಶ್ರಮದಲ್ಲೋ ಇನ್ನೊಂದು ಹೆಸರಿನಲ್ಲಿ ಬದುಕಿರುವುದೂ ಸಾಧ್ಯ. ಆ ದಿನದ ನಂತರ ಅನಾಮಧೇಯರಾಗಿ ದಾಖಲಾದವರ ಪಟ್ಟಿಯನ್ನೂ ಕೇಳಿ.

ಪ್ರಶ್ನೆ ಕೇಳಿದವರು:
ಅಮ್ಮ ಇದ್ದಾರೆ. ಅಣ್ಣನ ಕ್ಷೌರದ ರೇಜರನ್ನು ಅವರು ತೊಳೆಯದೆ ಡಬ್ಬಿಯಲ್ಲಿಟ್ಟಿದ್ದಾರೆ, ಅದನ್ನೂ ಕೊಡುತ್ತೇವೆ. ಅವನ ಪಕ್ಕದ ಹಾಸಿಗೆಯಲ್ಲಿದ್ದವರು ಈಗಲೂ ಅಲ್ಲೇ ಇದ್ದಾರೆ, ಅವರನ್ನು ನಾವು ಒಮ್ಮೆಯೂ ಮಾತನಾಡಿಸಿಲ್ಲ.