40 ಸಾವಿರ ವಿಳಾಸಗಳ ಪಟ್ಟಿ, ಸ್ಪ್ಯಾಮ್‌ಗೆ ಬೀಳುತ್ತಿರುವ ಸುದ್ದಿಪತ್ರ: ಸಾಫ್ಟ್‌ವೇರ್ ಬದಲಿಸಬೇಕೇ, ಪಟ್ಟಿಯನ್ನೇ ಸೋಸಬೇಕೇ?

ಪ್ರಶ್ನೆ (ಹುಬ್ಬಳ್ಳಿಯಿಂದ)

ನಮಸ್ಕಾರ. ಗೋಕುಲ ರಸ್ತೆಯಲ್ಲಿರುವ ಕೃಷಿ ಉಪಕರಣಗಳ ಕಂಪನಿಯೊಂದರ ಮಾರಾಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೆ ಎರಡು ಸಲ ಕನ್ನಡದಲ್ಲಿ ಇ-ಮೇಲ್ ಸುದ್ದಿಪತ್ರ ಕಳುಹಿಸುತ್ತೇವೆ. ಬಿಡಿಭಾಗಗಳ ದರ, ಸಬ್ಸಿಡಿ ಅರ್ಜಿಯ ಕೊನೆಯ ದಿನ, ಸರ್ವಿಸ್ ಕ್ಯಾಂಪ್‌ಗಳ ವಿವರ ಅದರಲ್ಲಿರುತ್ತವೆ. ಪಟ್ಟಿ ಈಗ ಸುಮಾರು 40 ಸಾವಿರ ವಿಳಾಸಗಳಿಗೆ ಬೆಳೆದಿದೆ. ಗದಗ, ಹಾವೇರಿ, ರಾಣೆಬೆನ್ನೂರಿನ ಡೀಲರುಗಳು ಕೊಟ್ಟ ಎಕ್ಸೆಲ್ ಹಾಳೆಗಳು, ಧಾರವಾಡದ ಕೃಷಿ ಮೇಳದಲ್ಲಿ ನಮ್ಮ ಮಳಿಗೆಗೆ ಬಂದವರು ರಿಜಿಸ್ಟರಿನಲ್ಲಿ ಬರೆದುಹೋದ ವಿಳಾಸಗಳು, ಹಳೆಯ ಬಿಲ್ಲುಗಳಿಂದ ಆರಿಸಿದವು, ಎಲ್ಲವೂ ಒಂದೇ ರಾಶಿಯಲ್ಲಿವೆ. ಈಚಿನ ಸಂಚಿಕೆಗಳು ಜಿಮೇಲ್ ಬಳಸುವವರಿಗೆ ಹೆಚ್ಚಾಗಿ ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಗುತ್ತಿವೆ. ಇನ್ನೂ ದುಬಾರಿಯಾದ ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆ ಎಂಬುದು ಮಾಲೀಕರ ಅಭಿಪ್ರಾಯ. ಒಂದು ವಿಳಾಸವನ್ನೂ ಅಳಿಸಲು ಅವರು ಒಪ್ಪುತ್ತಿಲ್ಲ. ಇಷ್ಟು ದೊಡ್ಡ ಪಟ್ಟಿಯನ್ನು ನಿರ್ವಹಿಸುವ ಸರಿಯಾದ ಕ್ರಮ ಯಾವುದೆಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಧಾರವಾಡದಿಂದ)

ಸಾಫ್ಟ್‌ವೇರಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಇದೇ ರಾಶಿಯನ್ನು ಹೊಸ ಸೇವೆಗೆ ಏರಿಸಿದರೆ ಅಲ್ಲಿಯೂ ಇದೇ ಕಥೆಯಾಗುತ್ತದೆ. ಸಾಮೂಹಿಕ ಇ-ಮೇಲ್ ಕಳುಹಿಸುವ ಸೇವೆಯಾದ ಅಮೆಜಾನ್ ಎಸ್‌ಇಎಸ್‌ನಲ್ಲಿ ಬೌನ್ಸ್ (ತಲುಪದೆ ಹಿಂದಿರುಗುವ ಮೇಲ್) ಪ್ರಮಾಣ ಶೇ 5 ಮುಟ್ಟಿದರೆ ಖಾತೆಯನ್ನು ಪರಿಶೀಲನೆಗೆ ಒಳಪಡಿಸುತ್ತಾರೆ, ಶೇ 10 ಮುಟ್ಟಿದರೆ ಕಳುಹಿಸುವುದನ್ನೇ ತಡೆಯಬಹುದು.

ಮೊದಲು ನೋಡಬೇಕಾದದ್ದು ನಿಮ್ಮ ಡೊಮೇನ್, ಅಂದರೆ ಇ-ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು. ಜಿಮೇಲ್ ಖಾತೆಗಳಿಗೆ ದಿನವೊಂದಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಸಂದೇಶ ಕಳುಹಿಸುವವರು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜವಾಗಿ ಆ ಡೊಮೇನಿನಿಂದಲೇ ಬಂದಿದೆ ಎಂದು ಖಾತ್ರಿಪಡಿಸುವ ವ್ಯವಸ್ಥೆಗಳು) ಮೂರನ್ನೂ ಹೊಂದಿರಲೇಬೇಕು ಹಾಗೂ ಒಂದೇ ಒತ್ತಿನಲ್ಲಿ ಚಂದಾ ಬಿಡುವ ಸೌಲಭ್ಯ ಕೊಡಬೇಕು ಎಂಬ ನಿಯಮವನ್ನು ಗೂಗಲ್ 2024ರ ಫೆಬ್ರುವರಿಯಿಂದ ಜಾರಿಗೆ ತಂದಿದೆ. ಯಾಹೂ ಕೂಡ ಅದೇ ಸಮಯಕ್ಕೆ ಇಂಥದ್ದೇ ನಿಯಮ ಮಾಡಿತು. ನಿಮ್ಮ ಸುದ್ದಿಪತ್ರವನ್ನು ನಿಮ್ಮದೇ ಜಿಮೇಲ್‌ಗೆ ತರಿಸಿಕೊಂಡು, ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿರಿ. ಮೇಲ್ಭಾಗದ ಕೋಷ್ಟಕದಲ್ಲಿ ಈ ಮೂರರ ಎದುರೂ 'ಪಾಸ್' ಎಂದಿರಬೇಕು. ಇಲ್ಲದಿದ್ದರೆ ಇವುಗಳ ವಿವರವಿರುವ, ನಿಮ್ಮ ಡೊಮೇನಿನ ಡಿಎನ್‌ಎಸ್ ದಾಖಲೆಗಳನ್ನು ಸರಿಪಡಿಸುವವರೆಗೆ ಮುಂದಿನ ಸಂಚಿಕೆ ಕಳುಹಿಸಬೇಡಿ.

ಎರಡನೆಯದು ಪಟ್ಟಿ, ನಿಜವಾದ ಕೆಲಸವಿರುವುದು ಇಲ್ಲಿಯೇ. ಪ್ರತಿ ವಿಳಾಸದ ಮುಂದೆ ಅದು ಎಲ್ಲಿಂದ ಬಂತು, ಯಾವ ವರ್ಷ ಬಂತು, ಆ ವ್ಯಕ್ತಿ ತಾನಾಗಿ ಸುದ್ದಿಪತ್ರ ಕೇಳಿದ್ದನೇ ಎಂಬ ಮೂರು ಕಾಲಂ ಸೇರಿಸಿರಿ. ಮೇಳದ ರಿಜಿಸ್ಟರಿನಲ್ಲಿ ಕೈಬರಹದಿಂದ ಬೆರಳಚ್ಚಾದ ವಿಳಾಸಗಳಲ್ಲಿ 'ಜಿಮೇಲ್'ನ ಸ್ಪೆಲ್ಲಿಂಗ್ ತಪ್ಪಾಗಿರುವುದು, 'ಡಾಟ್ ಕಾಮ್' ಇದ್ದಲ್ಲಿ 'ಡಾಟ್ ಕಾನ್' ಆಗಿರುವುದು ಧಾರಾಳವಾಗಿ ಸಿಗುತ್ತವೆ. ಹಳೆಯ ಬಿಲ್ಲುಗಳ ವಿಳಾಸಗಳು ಇನ್ನೂ ಅಪಾಯಕಾರಿ, ಏಕೆಂದರೆ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ.

ಬೌನ್ಸ್ ವರದಿಯನ್ನು ಕೋಡ್ ನೋಡಿ ಓದಿರಿ. '550 5.1.1' ಎಂದು ಬಂದರೆ ಅಂಥ ಖಾತೆಯೇ ಇಲ್ಲ. ಆ ವಿಳಾಸಕ್ಕೆ ಮತ್ತೊಮ್ಮೆ ಕಳುಹಿಸಬಾರದು. '452 4.2.2' ಎಂದರೆ ಪೆಟ್ಟಿಗೆ ತುಂಬಿದೆ ಎಂದಷ್ಟೇ ಅರ್ಥ. ಎರಡು ಮೂರು ಸಂಚಿಕೆ ಕಾಯಬಹುದು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವವರೇ ಹೆಚ್ಚು.

ಜಿಮೇಲ್‌ಗೆ ಹೋದ ನಿಮ್ಮ ಮೇಲ್‌ಗಳ ಸ್ಥಿತಿ ತೋರಿಸುವ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಉಚಿತವಾಗಿದೆ. ಅದರಲ್ಲಿ ಕಾಣುವ ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.1ಕ್ಕಿಂತ ಕೆಳಗಿರಬೇಕು, ಶೇ 0.3 ಮುಟ್ಟಲೇಬಾರದು. ಇನ್‌ಬಾಕ್ಸ್ ತಲುಪಿದ ಹತ್ತು ಸಾವಿರ ಸಂದೇಶಗಳಿಗೆ ಮೂವತ್ತು ಜನ 'ಸ್ಪ್ಯಾಮ್' ಒತ್ತಿದರೂ ನೀವು ಗೆರೆಯ ಮೇಲಿದ್ದೀರಿ. ಕೇಳದವರಿಗೆ ಕಳುಹಿಸಿದಾಗ ಅಷ್ಟು ಜನ ಒತ್ತುವುದು ಕಷ್ಟವೇನಲ್ಲ. ಆರು ತಿಂಗಳಿನಿಂದ ತೆರೆಯದವರನ್ನೂ ಬೇರೆ ಮಾಡಿ, ಅವರಿಗೆ ಕಳುಹಿಸುವುದನ್ನು ನಿಲ್ಲಿಸಿರಿ ಎಂಬುದು ನನ್ನ ಸಲಹೆ.

ಉತ್ತರ 2 (ಗದಗದಿಂದ)

ಮೇಲಿನವರು ಪಟ್ಟಿಯ ಬಗ್ಗೆ ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ನಾನು ಮುದ್ರಣ ಮತ್ತು ವಿನ್ಯಾಸದ ಕೆಲಸದವನಾದ್ದರಿಂದ ಕನ್ನಡಕ್ಕೆ ಸಂಬಂಧಿಸಿದ್ದನ್ನಷ್ಟೇ ಸೇರಿಸುತ್ತೇನೆ. ಪಠ್ಯ ಹಳೆಯ ನುಡಿ ಫಾಂಟಿನಲ್ಲಿದ್ದರೆ ಕಳುಹಿಸುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಆ ಫಾಂಟಿಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತದೆ, ಓದುಗ ಅದನ್ನು ವೈರಸ್ ಎಂದೇ ತಿಳಿಯುತ್ತಾನೆ. ಇದನ್ನು ತಪ್ಪಿಸಲು ಇಡೀ ಸುದ್ದಿಪತ್ರವನ್ನು ಒಂದೇ ಚಿತ್ರವಾಗಿ ಕಳುಹಿಸುವ ರೂಢಿ ನಮ್ಮ ಕಡೆ ಇದೆ. ಚಿತ್ರ ಲೋಡ್ ಆಗದಿದ್ದರೆ ಓದುಗನಿಗೆ ಕಾಣುವುದು ಖಾಲಿ ಚೌಕ ಮಾತ್ರ.

ಗಾತ್ರವನ್ನೂ ಗಮನಿಸಿರಿ. ಸುದ್ದಿಪತ್ರದ ಎಚ್‌ಟಿಎಂಎಲ್ (ಪಠ್ಯ, ವಿನ್ಯಾಸ ಎರಡೂ ಇರುವ ಕೋಡ್) ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ಮರೆಮಾಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಯುಟಿಎಫ್-8ರಲ್ಲಿ (ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಇಡುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. 'ಕ್ಷಿ' ಎಂಬ ಒಂದೇ ಅಕ್ಷರದಲ್ಲಿ ಅಂಥ ನಾಲ್ಕು ಸಂಕೇತಗಳಿವೆ. ಕೆಲವು ಎಡಿಟರುಗಳು ಪ್ರತಿ ಸಂಕೇತವನ್ನೂ ಅಂಕಿಯ ರೂಪಕ್ಕೆ ಬದಲಿಸಿ ಏಳು ಬೈಟ್ ಮಾಡಿಬಿಡುತ್ತವೆ. ಚಂದಾ ಬಿಡುವ ಕೊಂಡಿ ಇರುವುದು ಕೊನೆಯಲ್ಲಿ. ಅದು ಕತ್ತರಿಸಿಹೋದರೆ ಓದುಗನ ಬೆರಳು 'ಸ್ಪ್ಯಾಮ್' ಗುಂಡಿಯ ಕಡೆಗೇ ಹೋಗುತ್ತದೆ.

ಉತ್ತರ 3 (ಹಾವೇರಿಯಿಂದ)

ಆರು ತಿಂಗಳ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ರೈತರು ಮತ್ತು ಡೀಲರುಗಳು ಹಂಗಾಮಿಗೆ ತಕ್ಕಂತೆ ಮೇಲ್ ನೋಡುವವರು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಆವಕ ಜೋರಾಗಿರುವ ತಿಂಗಳುಗಳಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಅದೇ ಜನ ಮುಂಗಾರಿಗೆ ಮೊದಲು ಬಿತ್ತನೆ ಯಂತ್ರದ ದರ ಹುಡುಕುತ್ತಾರೆ. ಆದ್ದರಿಂದ ಕನಿಷ್ಠ ಒಂದು ವರ್ಷದ ಅವಧಿ ಕೊಡಿ. ಅದೂ ಅಲ್ಲದೆ 'ತೆರೆದವರು' ಎಂಬ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ: ಸಂದೇಶದೊಳಗಿನ ಚಿತ್ರ ಲೋಡ್ ಆದದ್ದನ್ನು ನೋಡಿ ಆ ಲೆಕ್ಕ ಮಾಡುತ್ತಾರೆ, ಆದರೆ ಆ್ಯಪಲ್ ಮೇಲ್ 2021ರಿಂದ ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುವುದರಿಂದ ಓದದಿದ್ದರೂ ಓದಿದಂತೆ ದಾಖಲಾಗಬಹುದು. ಕೊಂಡಿ ಒತ್ತಿದವರು, ಉತ್ತರ ಬರೆದವರು, ಅಂಗಡಿಗೆ ಬಂದು ಬಿಲ್ ಮಾಡಿಸಿದವರು ಇವರ ಲೆಕ್ಕ ಹೆಚ್ಚು ಗಟ್ಟಿ.

ಇನ್ನು, ಡೀಲರು ಕೊಟ್ಟ ಹಾಳೆಗಳ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಬರಬೇಕು ಎನ್ನುತ್ತದೆ. ಡೀಲರನಿಗೆ ಕೊಟ್ಟ ವಿಳಾಸ ನಿಮಗೆ ಕೊಟ್ಟ ಒಪ್ಪಿಗೆಯಲ್ಲ. ಆ ಡೀಲರೇ ತನ್ನ ಗಿರಾಕಿಗಳಿಗೆ ನಿಮ್ಮ ನೋಂದಣಿ ಕೊಂಡಿಯನ್ನು ಕಳುಹಿಸುವಂತೆ ಮಾಡಿರಿ, ಬಂದವರಷ್ಟೇ ನಿಮ್ಮವರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. 'ಶೋ ಒರಿಜಿನಲ್' ನೋಡಿದೆ. ಎಸ್‌ಪಿಎಫ್ ಮಾತ್ರ ಪಾಸ್ ಆಗಿದೆ, ಡಿಮಾರ್ಕ್ ಸಾಲೇ ಇಲ್ಲ. ಅದನ್ನು ಸರಿಪಡಿಸಲು ನಮ್ಮ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಹೇಳಿದ್ದೇನೆ. ಆದರೆ ವಿಳಾಸ ಅಳಿಸುವ ಮಾತೆತ್ತಿದರೆ ಮಾಲೀಕರು, ಅದು ವರ್ಷಗಟ್ಟಲೆ ಕೂಡಿಟ್ಟ ಆಸ್ತಿ ಎನ್ನುತ್ತಾರೆ. ಏನು ಹೇಳಲಿ?

ಉತ್ತರ 1 (ಧಾರವಾಡದಿಂದ)

ಅಳಿಸಬೇಡಿ, ತಡೆಪಟ್ಟಿಗೆ (ಇನ್ನು ಮುಂದೆ ಕಳುಹಿಸಬಾರದ ವಿಳಾಸಗಳ ಪಟ್ಟಿ) ಸೇರಿಸಿರಿ. ಬೌನ್ಸ್ ಆದ ಹಾಗೂ ಚಂದಾ ಬಿಟ್ಟ ವಿಳಾಸವನ್ನು ಪೂರ್ತಿ ಅಳಿಸಿದರೆ ಮುಂದಿನ ಡೀಲರಿನ ಎಕ್ಸೆಲ್ ಹಾಳೆಯಲ್ಲಿ ಅದೇ ವಿಳಾಸ ಹೊಸದರಂತೆ ಮರಳಿ ಬರುತ್ತದೆ. ಬೇಡವೆಂದವನಿಗೆ ಮತ್ತೆ ಕಳುಹಿಸಿದಂತಾಗುತ್ತದೆ. ತಡೆಪಟ್ಟಿಯಲ್ಲಿ ವಿಳಾಸ ಮತ್ತು ಕಾರಣ ಎರಡಿದ್ದರೆ ಸಾಕು, ಹೆಸರು ಫೋನ್ ಬೇಡ. ಖರ್ಚಿನ ಲೆಕ್ಕವನ್ನೂ ಮಾಲೀಕರ ಮುಂದಿಡಿ: ಬಹಳಷ್ಟು ಸೇವೆಗಳು ಪಟ್ಟಿಯಲ್ಲಿರುವ ವಿಳಾಸಗಳ ಎಣಿಕೆಯ ಮೇಲೆ ಶುಲ್ಕ ಪಡೆಯುತ್ತವೆ, ಅಂದರೆ ಇಲ್ಲದ ಖಾತೆಗಳಿಗೂ ಪ್ರತಿ ತಿಂಗಳು ಹಣ ಹೋಗುತ್ತಿದೆ. ಸೋಸಿದ ಮೇಲೂ ಸಾಫ್ಟ್‌ವೇರ್ ಬದಲಿಸಬೇಕೆನಿಸಿದರೆ, ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾದಲ್ಲಿ ಹುಟ್ಟಿದ, ಸುದ್ದಿಪತ್ರ ಕಳುಹಿಸುವ ಲಿಸ್ಟ್‌ಮಾಂಕ್ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಆದರೆ ಸರ್ವರ್ ನೋಡಿಕೊಳ್ಳುವವರೊಬ್ಬರು ಕಚೇರಿಯಲ್ಲಿರಬೇಕು. ಮುಂದಿನ ಸಂಚಿಕೆಯನ್ನು ತಾವಾಗಿ ಕೇಳಿ ಸೇರಿದವರಿಗೆ ಮಾತ್ರ ಕಳುಹಿಸಿ, ಪೋಸ್ಟ್‌ಮಾಸ್ಟರ್ ಟೂಲ್ಸ್‌ನ ಗ್ರಾಫನ್ನು ಮಾಲೀಕರಿಗೆ ತೋರಿಸಿರಿ.